ಎಡಿಎಚ್‌ಡಿ ಇದ್ದೂ 42 ಕಿಲೋಮೀಟರ್ ನಗರ ನಡಿಗೆಗೆ ತಯಾರಾಗುವುದು ಹೇಗೆ?

ಸಂಜೆನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೀಗ 38 ವರ್ಷ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದೆ ಚದುರುವ ತೊಂದರೆ) ಇದೆಯೆಂದು ಮನೋವೈದ್ಯರು ಹೇಳಿ 2 ವರ್ಷವಾಯಿತು. ದಿನವೂ ಬೆಳಿಗ್ಗೆ ಅದಕ್ಕೆ ಕೊಡುವ ಉತ್ತೇಜಕ ಔಷಧಿಯಾದ ಮೀಥೈಲ್‌ಫೆನಿಡೇಟ್‌ನ ದೀರ್ಘಾವಧಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇನ್ನು 18 ವಾರಕ್ಕೆ ನಗರದೊಳಗೆ 42 ಕಿಲೋಮೀಟರ್ ನಡೆಯುವ ಕಾರ್ಯಕ್ರಮವೊಂದಿದ್ದು, ಅದಕ್ಕೆ ಹೆಸರು ಕೊಟ್ಟಿದ್ದೇನೆ. ಓಟವಲ್ಲ, ನಡಿಗೆ ಮಾತ್ರ. 10 ಗಂಟೆಯೊಳಗೆ ಮುಗಿಸಬೇಕು. ವಾಹನ ಸಂಚಾರ ನಿಲ್ಲಿಸುವುದಿಲ್ಲವಾದ್ದರಿಂದ ಪಾದಚಾರಿ ಮಾರ್ಗದಲ್ಲೇ ನಡೆದು, ಸಿಗ್ನಲ್‌ಗಳಲ್ಲಿ ಎಲ್ಲರಂತೆ ನಿಂತು ದಾಟಬೇಕು.

ಇದು ನನ್ನ ಮೂರನೆಯ ಪ್ರಯತ್ನ. ಮೊದಲ ಸಲ ಹೆಸರು ಕೊಟ್ಟ ಉತ್ಸಾಹದಲ್ಲಿ ಮೊದಲ ಭಾನುವಾರವೇ 21 ಕಿಲೋಮೀಟರ್ ನಡೆದುಬಿಟ್ಟೆ. ಮೂರನೆಯ ವಾರಕ್ಕೆ ಮೊಣಕಾಲ ಕೆಳಗೆ ಎಲುಬಿನ ಉದ್ದಕ್ಕೂ ನೋವು ಹಿಡಿದು ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. ಎರಡನೆಯ ಸಲ ಅಂಥ ತಪ್ಪು ಆಗಬಾರದೆಂದು ಪ್ರತಿದಿನಕ್ಕೂ ಒಂದು ಚೌಕವಿರುವ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಐದನೆಯ ವಾರ ಕೆಲಸದ ಒತ್ತಡದಲ್ಲಿ 4 ದಿನ ತಪ್ಪಿತು. ಆ ನಾಲ್ಕು ಖಾಲಿ ಚೌಕಗಳನ್ನು ದಿನವೂ ನೋಡಲಾಗದೆ ಪಟ್ಟಿಯನ್ನು ಕಿತ್ತು ಮಡಿಚಿಟ್ಟೆ. ಅಭ್ಯಾಸವೂ ಅಲ್ಲಿಗೇ ನಿಂತಿತು.

ಈ ಸಲ ಮುಗಿಸಲೇಬೇಕೆಂಬ ಆಸೆ ಬಹಳವಾಗಿದೆ. ನನ್ನನ್ನು ಕಾಡುತ್ತಿರುವ ವಿಷಯಗಳು ಮೂರು. ಆಸಕ್ತಿ ಇಳಿದುಹೋದ ಮೇಲೂ ಅಭ್ಯಾಸವನ್ನು ಎಳೆದುಕೊಂಡು ಹೋಗುವುದು ಹೇಗೆ ಎಂಬುದು ಮೊದಲನೆಯದು. ಮಾತ್ರೆಯ ಪರಿಣಾಮವಿರುವಷ್ಟು ಹೊತ್ತು ನನಗೆ ಹಸಿವೂ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ, ಮಧ್ಯಾಹ್ನದ ನಂತರ ಅದರ ಪರಿಣಾಮ ಇಳಿಯುವಾಗ ಮನಸ್ಸು ಚದುರುತ್ತದೆ. ನಡಿಗೆಯ ಕಷ್ಟದ ಭಾಗ ಬರುವುದೂ ಅದೇ ಹೊತ್ತಿಗೆ. ಇದನ್ನು ಹೇಗೆ ಹೊಂದಿಸಿಕೊಳ್ಳಲಿ? ಮೂರನೆಯದಾಗಿ, ದಣಿದ ಮೇಲೆ ರಸ್ತೆ ದಾಟುವಾಗ ನನ್ನ ಗಮನದ ಮೇಲೆ ನನಗೇ ನಂಬಿಕೆಯಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ದೂರದಾರಿ

ನಿಮ್ಮ ನಾಲ್ಕು ಖಾಲಿ ಚೌಕಗಳ ಬಗ್ಗೆ ಓದಿದ ಮೇಲೆ ಉಳಿದದ್ದಕ್ಕಿಂತ ಮೊದಲು ಅದಕ್ಕೇ ಉತ್ತರಿಸಬೇಕೆನಿಸಿತು. ನನಗೂ ಎಡಿಎಚ್‌ಡಿ ಇದೆ. ಇಂಥ ನಡಿಗೆಗಳನ್ನು ನಾಲ್ಕು ಸಲ ಮುಗಿಸಿದ್ದೇನೆ, ಅದಕ್ಕೂ ಮೊದಲು ಹಲವು ಸಲ ಅರ್ಧದಲ್ಲಿ ಬಿಟ್ಟಿದ್ದೇನೆ. ತಪ್ಪಿದ ದಿನಗಳಿಗೆ ಜಾಗವೇ ಇಲ್ಲದ ಪಟ್ಟಿಯನ್ನು ನಮ್ಮಂಥವರು ಬರೆದುಕೊಳ್ಳಲೇಬಾರದು ಎಂಬುದು ನಾನು ಕಂಡುಕೊಂಡ ಸತ್ಯ. ದಿನಾಂಕಕ್ಕೆ ಕಟ್ಟಿಹಾಕಿದ ಪಟ್ಟಿ ಒಂದು ಸಲ ಮುರಿಯಿತೆಂದರೆ ನಮ್ಮ ಮನಸ್ಸು ಇಡೀ ಯೋಜನೆಯೇ ಮುರಿಯಿತೆಂದು ತೀರ್ಮಾನಿಸಿಬಿಡುತ್ತದೆ.

ನಾನು ದಿನಾಂಕಗಳನ್ನು ಬಿಟ್ಟು ಚೀಟಿಗಳಿಗೆ ಬಂದೆ. ಉದ್ದ ನಡಿಗೆಗಳ ದೂರವನ್ನು ಒಂದೊಂದು ಚೀಟಿಯ ಮೇಲೆ ಬರೆದು, ಅನುಕ್ರಮವಾಗಿ ಜೋಡಿಸಿ, ಕ್ಲಿಪ್ ಹಾಕಿ ಬಾಗಿಲ ಪಕ್ಕ ತೂಗುಹಾಕಿದ್ದೇನೆ. ನಿಮ್ಮ ಗುರಿಗೆ ಹೊಂದುವಂತೆ ಬರೆಯುವುದಾದರೆ 8, 10, 12, 9, 14, 16, 18, 13, 20, 23, 26, 18, 28, 32 ಎಂದು ಒಟ್ಟು 14 ಚೀಟಿಗಳಾಗುತ್ತವೆ. ನಡುನಡುವೆ ದೂರ ಇಳಿದಿರುವುದು ಕಾಲಿಗೆ ವಿಶ್ರಾಂತಿ ಕೊಡಲಿಕ್ಕೆ. ಕೊನೆಯ 2 ವಾರ ಹಗುರವಾಗಿ ಕಳೆಯಬೇಕಾದ್ದರಿಂದ ನಿಮ್ಮ ಕೈಯಲ್ಲಿರುವುದು 16 ವಾರ, ಚೀಟಿಗಳು 14. ಅಂದರೆ 2 ವಾರ ತಪ್ಪುತ್ತವೆ ಎಂದು ಮೊದಲೇ ಒಪ್ಪಿಕೊಂಡು ಹೊರಟಂತಾಯಿತು. ಒಂದು ಭಾನುವಾರ ನಡೆಯಲಾಗದಿದ್ದರೆ ಮೇಲಿನ ಚೀಟಿ ಮುಂದಿನ ಭಾನುವಾರದವರೆಗೆ ಅಲ್ಲೇ ಕಾಯುತ್ತದೆ. ನಡೆದು ಬಂದ ದಿನ ಬೂಟು ಬಿಚ್ಚುವ ಮೊದಲೇ ಆ ಚೀಟಿಯನ್ನು ಎಳೆದು ತೆಗೆಯುತ್ತೇನೆ. ಕ್ಲಿಪ್ಪಿನಿಂದ ಕಾಗದ ಜಾರುವ ಆ ಸಣ್ಣ ಸದ್ದಿಗಾಗಿಯೇ ಎಷ್ಟೋ ಸಲ ಕೊನೆಯ 2 ಕಿಲೋಮೀಟರ್ ನಡೆದದ್ದುಂಟು.

ಮನೆಯಿಂದ ಹೊರಡುವುದು ನಡೆಯುವುದಕ್ಕಿಂತ ಕಷ್ಟ. 'ನಾಳೆ ನಡೆಯಬೇಕು' ಎಂದುಕೊಂಡರೆ ನಾಳೆ ಬರುವುದೇ ಇಲ್ಲ. ಮನಃಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಉದ್ದೇಶವನ್ನು 'ಇಂಥದ್ದು ಆದೊಡನೆ ಇಂಥದ್ದು ಮಾಡುತ್ತೇನೆ' ಎಂಬ ರೂಪದಲ್ಲಿ ಕಟ್ಟಿಕೊಂಡವರು ಅದನ್ನು ನೆರವೇರಿಸುವ ಸಾಧ್ಯತೆ ಹೆಚ್ಚು ಎಂದು ವಿವರಿಸಿದರು. ನನ್ನ ವಾಕ್ಯ ಹೀಗಿದೆ: ಕೆಲಸ ಮುಗಿಸಿ ಕಂಪ್ಯೂಟರ್ ಮುಚ್ಚಿದೊಡನೆ, ಕುರ್ಚಿಯಿಂದ ಎದ್ದವನು ನೇರವಾಗಿ ಬೂಟಿನ ಬಳಿಗೆ ಹೋಗುತ್ತೇನೆ. ಆ ಬೂಟುಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಬಳಿ ಇಟ್ಟು, ಕಾಲುಚೀಲವನ್ನು ಬಲಗಾಲಿನದರಲ್ಲೂ ಮನೆಯ ಕೀಲಿಯನ್ನು ಎಡಗಾಲಿನದರಲ್ಲೂ ಹಾಕಿರುತ್ತೇನೆ. ಕೀಲಿ ಹುಡುಕಲು ಒಳಗೆ ಹೋದವನು ಬೇರೆ ಯಾವುದೋ ಕೆಲಸಕ್ಕೆ ಕೈಹಾಕಿ ಒಂದು ಗಂಟೆ ಕಳೆದುಕೊಂಡ ಸಂಜೆಗಳು ಹಾಗೆ ನಿಂತವು.

ದಾರಿಯ ವಿಷಯದಲ್ಲಿ ಒಂದು ಮಾತು. ಮನೆಯ ಸುತ್ತಲೇ ಸುತ್ತು ಹಾಕಬೇಡಿ; ಪ್ರತಿ ಸುತ್ತಿಗೂ ಮನೆ ಕರೆಯುತ್ತದೆ. ಬಸ್ಸಿನಲ್ಲೋ ರೈಲಿನಲ್ಲೋ ಚೀಟಿಯಲ್ಲಿರುವಷ್ಟು ದೂರ ಹೋಗಿ, ಅಲ್ಲಿಂದ ಮನೆಯತ್ತ ನಡೆಯಿರಿ. ನಿಲ್ಲಿಸಬೇಕೆಂಬ ಆಲೋಚನೆ ಬಂದಾಗಲೂ ಕಾಲು ಮನೆಯ ಕಡೆಗೇ ಹೋಗುತ್ತಿರುತ್ತದೆ. ನೋವಾದರೆ ಹಿಂದಿರುಗಲು ಬಸ್ಸಿನ ಹಣ ಮಾತ್ರ ಜೇಬಿನಲ್ಲಿರಲಿ. ಪ್ರತಿವಾರವೂ ಹೊಸ ದಿಕ್ಕು ಆರಿಸಿಕೊಂಡರೆ ಬೇಸರ ತಡವಾಗಿ ಬರುತ್ತದೆ. ಸಾಧ್ಯವಾದರೆ ದಾರಿಯಲ್ಲಿ ಉದ್ಯಾನಗಳು ಸಿಗುವಂತೆ ನೋಡಿಕೊಳ್ಳಿ. ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೊ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನದ ತೊಂದರೆಯಿರುವ ಮಕ್ಕಳು ಪೇಟೆಬೀದಿಯಲ್ಲಿ ನಡೆದುದಕ್ಕಿಂತ ಉದ್ಯಾನದಲ್ಲಿ 20 ನಿಮಿಷ ನಡೆದ ನಂತರ ಹೆಚ್ಚು ಏಕಾಗ್ರತೆ ತೋರಿದ್ದರು. ಅದು ಕೆಲವೇ ಮಕ್ಕಳ ಮೇಲೆ ನಡೆದ ಪರೀಕ್ಷೆಯಾದ್ದರಿಂದ ದೊಡ್ಡ ತೀರ್ಮಾನ ಮಾಡಲಾರೆ, ಆದರೆ ಉದ್ದನೆಯ ರಸ್ತೆಯ ಗದ್ದಲದ ನಡುವೆ ಮರಗಳ ಕೆಳಗಿನ 15 ನಿಮಿಷ ನನಗೆ ಎಷ್ಟು ಬೇಕಾಗುತ್ತದೆಂಬುದು ಗೊತ್ತು.

ಹಿಮ್ಮಡಿ

ನಾನು ಫಿಸಿಯೋಥೆರಪಿಸ್ಟ್. ದೂರದಾರಿಯವರ ಚೀಟಿಗಳ ಅನುಕ್ರಮ ಸರಿಯಾಗಿಯೇ ಇದೆ. ಅದಕ್ಕೆ ಕಾಲಿನ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ನಿಮ್ಮ ಮೊದಲ ಸಲದ ನೋವು ಬಹುಶಃ ಶಿನ್ ಸ್ಪ್ಲಿಂಟ್ ಎಂದು ಕರೆಯುವಂಥದ್ದು. ಹೊಸ ಶ್ರಮಕ್ಕೆ ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಒಗ್ಗಿಕೊಂಡರೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕಾಗುತ್ತವೆ. ಆದ್ದರಿಂದಲೇ 21 ಕಿಲೋಮೀಟರ್ ನಡೆದ ದಿನ ನಿಮಗೆ ಉಸಿರೂ ಕಟ್ಟಲಿಲ್ಲ, ಸುಸ್ತೂ ಆಗಲಿಲ್ಲ. ಎಲುಬು ಲೆಕ್ಕ ಕೇಳಿದ್ದು 2 ವಾರದ ನಂತರ. ಉತ್ಸಾಹದ ದಿನ ಚೀಟಿಯಲ್ಲಿರುವುದಕ್ಕಿಂತ ಹೆಚ್ಚು ನಡೆಯಬಾರದೆಂಬ ನಿಯಮವನ್ನು, ಕಡಿಮೆ ನಡೆಯಬಾರದೆಂಬ ನಿಯಮಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಿ. ಉದ್ದ ನಡಿಗೆಯ ಜೊತೆಗೆ ವಾರದ ನಡುವೆ 4ರಿಂದ 6 ಕಿಲೋಮೀಟರ್‌ಗಳ ಎರಡು ನಡಿಗೆಗಳು ಸಾಕು; ವಾರದ ಒಟ್ಟು ದೂರ ಹಿಂದಿನ ವಾರಕ್ಕಿಂತ ಸುಮಾರು ಶೇಕಡ 10ರಷ್ಟು ಏರಲಿ ಎಂಬುದು ರೂಢಿಯ ಅಂದಾಜು, ಒಂದೆರಡು ಪಾಲು ಆಚೀಚೆಯಾದರೆ ಹೆದರಬೇಕಿಲ್ಲ. ಆದರೆ ನೋವು ಎಲುಬಿನ ಉದ್ದಕ್ಕೂ ಹರಡದೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿದ್ದರೆ, ಅಥವಾ ವಿಶ್ರಾಂತಿಯಲ್ಲೂ ರಾತ್ರಿಯಲ್ಲೂ ಕಾಡಿದರೆ, ಎಲುಬಿನಲ್ಲಿ ಬಿರುಕು ಬಿಟ್ಟಿರಬಹುದು. ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಲೇಬೇಕು.

ಸತತ ಎರಡು ದಿನ ಉದ್ದ ನಡಿಗೆ ಮಾಡಬೇಕೆಂಬ ಸಲಹೆಯೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅದು ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ನಡೆಯುವ, 1909ರಷ್ಟು ಹಿಂದೆ ಆರಂಭವಾದ ನಾಲ್ಕು ದಿನಗಳ ನಡಿಗೆಯಂಥವಕ್ಕೆ ತಯಾರಾಗುವವರಿಗೆ ಬೇಕಾದದ್ದು. ಅಲ್ಲಿ ದಿನಕ್ಕೆ 30, 40 ಅಥವಾ 50 ಕಿಲೋಮೀಟರ್‌ನಂತೆ ನಾಲ್ಕೂ ದಿನ ನಡೆಯಬೇಕು. ನಿಮ್ಮದು ಒಂದೇ ದಿನದ ನಡಿಗೆ. ಉದ್ದ ನಡಿಗೆಯ ಮರುದಿನ ವಿಶ್ರಾಂತಿ ತೆಗೆದುಕೊಳ್ಳಿ.

ಇನ್ನು ಬೊಬ್ಬೆಗಳು. ನಗರ ನಡಿಗೆಯನ್ನು ಅರ್ಧದಲ್ಲಿ ಬಿಡುವವರಲ್ಲಿ ಹಲವರನ್ನು ಸೋಲಿಸುವುದು ಇವೇ. ಬೆವರಿನ ತೇವ, ಬಿಸಿ ಮತ್ತು ಉಜ್ಜುವಿಕೆ ಸೇರಿದಾಗ ಚರ್ಮದ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬುತ್ತದೆ. ಅದಕ್ಕೆ ಮೊದಲು ಆ ಜಾಗ ಬೆಚ್ಚಗಾಗಿ ಚುರುಗುಟ್ಟುತ್ತದೆ. ಆ ಕ್ಷಣದಲ್ಲೇ ಕುಳಿತು ಟೇಪ್ ಅಂಟಿಸಿದರೆ ಬೊಬ್ಬೆ ಏಳುವುದು ಬಹುಮಟ್ಟಿಗೆ ತಪ್ಪುತ್ತದೆ. ಎಡಿಎಚ್‌ಡಿ ಇರುವ ಒಬ್ಬರು ನನ್ನ ಬಳಿ ಬಂದಾಗ ಅವರ ಕಿರುಬೆರಳ ಪಕ್ಕ ನಾಣ್ಯದಗಲದ ಬೊಬ್ಬೆ ಒಡೆದು ಕಾಲುಚೀಲಕ್ಕೆ ಅಂಟಿಕೊಂಡಿತ್ತು. ಚುರುಗುಟ್ಟಿದ್ದು ತಿಳಿದಿತ್ತೇ ಎಂದು ಕೇಳಿದರೆ, 'ತಿಳಿದಿತ್ತು, ಮುಂದಿನ ಸಿಗ್ನಲ್ ದಾಟಿ ನೋಡೋಣವೆಂದುಕೊಂಡೆ, ಆಮೇಲೆ ಮರೆತೇಹೋಯಿತು' ಎಂದರು. ಅತಿಯಾದ ತಲ್ಲೀನತೆಯೂ ಗಮನದ ಚದುರುವಿಕೆಯೂ ಕಾಲಿನ ಮಟ್ಟಿಗೆ ಒಂದೇ ಫಲ ಕೊಡುತ್ತವೆ. ಆದ್ದರಿಂದ ನೋವನ್ನು ಕಾಯದೆ, ಪ್ರತಿ 7 ಕಿಲೋಮೀಟರ್‌ಗೆ ಒಮ್ಮೆ ಕುಳಿತು ಬೂಟು, ಕಾಲುಚೀಲ ಎರಡನ್ನೂ ಕಳಚಿ ಪಾದವನ್ನು ಕೈಯಿಂದ ಮುಟ್ಟಿ ನೋಡಿ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆಯದ್ದೋ ಸಿಂಥೆಟಿಕ್‌ನದ್ದೋ ಹಾಕಿಕೊಳ್ಳಿ. ಗಂಟೆಗಟ್ಟಲೆ ನಡೆದಾಗ ಪಾದ ಊದಿಕೊಳ್ಳುವುದರಿಂದ ಬೂಟಿನ ಮುಂದುಗಡೆ ಹೆಬ್ಬೆರಳಗಲದ ಜಾಗವಿರಲಿ, 26 ಕಿಲೋಮೀಟರ್ ಚೀಟಿಯ ನಂತರ ಹೊಸ ಬೂಟಿಗೆ ಬದಲಾಗಬೇಡಿ. ಪಾದಚಾರಿ ಮಾರ್ಗಗಳು ಚರಂಡಿಯ ಕಡೆಗೆ ವಾಲಿರುವುದುಂಟು, ಆಗಾಗ ರಸ್ತೆಯ ಬದಿ ಬದಲಿಸಿದರೆ ಒಂದೇ ಸೊಂಟದ ಮೇಲೆ ಭಾರ ಬೀಳುವುದಿಲ್ಲ.

ಸಮಯದ ಲೆಕ್ಕವನ್ನೂ ಮೊದಲೇ ಕಾಗದದ ಮೇಲೆ ಮಾಡಿಟ್ಟುಕೊಳ್ಳಿ. ಗಂಟೆಗೆ 5 ಕಿಲೋಮೀಟರ್‌ನಂತೆ 42 ಕಿಲೋಮೀಟರ್‌ಗೆ 8 ಗಂಟೆ 24 ನಿಮಿಷ ಬೇಕು. ತಲಾ 8 ನಿಮಿಷದ 5 ನಿಲುಗಡೆಗಳಿಗೆ 40 ನಿಮಿಷ. 60 ಸಿಗ್ನಲ್‌ಗಳಲ್ಲಿ ಸರಾಸರಿ 40 ಸೆಕೆಂಡ್ ನಿಂತರೆ ಇನ್ನೂ 40 ನಿಮಿಷ. ಒಟ್ಟು 9 ಗಂಟೆ 44 ನಿಮಿಷವಾಗುತ್ತದೆ. ನಿಮಗೆ ಉಳಿಯುವುದು 16 ನಿಮಿಷ ಮಾತ್ರ. ಸಿಗ್ನಲ್‌ಗಳಿಲ್ಲದ ಭಾಗದಲ್ಲಿ ಗಂಟೆಗೆ 5.3 ಕಿಲೋಮೀಟರ್ ನಡೆಯುವ ಅಭ್ಯಾಸವಿದ್ದರೆ ನೆಮ್ಮದಿಯಿಂದ ಇರಬಹುದು. ಅದನ್ನು ಉದ್ದ ನಡಿಗೆಯಲ್ಲಲ್ಲ, ವಾರದ ನಡುವಿನ ಚಿಕ್ಕ ನಡಿಗೆಗಳಲ್ಲಿ ರೂಢಿಸಿಕೊಳ್ಳಿ.

ನಿಧಾನವಾಗಿ

ಮಾತ್ರೆಯ ವಿಷಯ ನಾನು ಬಲ್ಲೆ, ಏಕೆಂದರೆ ನಾನು ತೆಗೆದುಕೊಳ್ಳುವುದೂ ಅದನ್ನೇ. ಎಲ್ಲಕ್ಕಿಂತ ಮೊದಲು ನಿಮ್ಮ ಮನೋವೈದ್ಯರಿಗೆ ಈ ನಡಿಗೆಯ ಬಗ್ಗೆ ತಿಳಿಸಿ, ರಕ್ತದೊತ್ತಡ ಮತ್ತು ನಾಡಿ ಬಡಿತ ನೋಡಿಸಿಕೊಳ್ಳಿ. ಮೀಥೈಲ್‌ಫೆನಿಡೇಟ್ ಎರಡನ್ನೂ ಸ್ವಲ್ಪ ಏರಿಸುತ್ತದೆ. ಎದೆನೋವು, ತಲೆಸುತ್ತು, ಪ್ರಜ್ಞೆ ತಪ್ಪಿದ್ದು, ಕುಟುಂಬದಲ್ಲಿ ಹೃದಯದ ಕಾಯಿಲೆ ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಬೇಕು. ಕೈಗಡಿಯಾರ ತೋರಿಸುವ ನಾಡಿ ಬಡಿತವನ್ನು ನೋಡಿ ವೇಗ ನಿರ್ಧರಿಸುವುದೂ ನಮಗೆ ಸರಿಹೋಗುವುದಿಲ್ಲ, ಮಾತ್ರೆಯಿಂದಾಗಿ ಆ ಅಂಕಿ ಮೊದಲೇ ಮೇಲಿರುತ್ತದೆ. ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತ ನಡೆಯಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದು ತಿಳಿಯಿರಿ.

ನಡಿಗೆಯ ದಿನ ಮಾತ್ರೆಯ ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ನೀವಾಗಿಯೇ ಬದಲಾಯಿಸಬೇಡಿ. ಸಂಜೆಯವರೆಗೆ ಎಳೆಯಬೇಕಾದರೆ ಏನು ಮಾಡಬಹುದೆಂದು ವೈದ್ಯರನ್ನು ಈಗಲೇ ಕೇಳಿ, ಅವರು ಹೇಳಿದ ಕ್ರಮವನ್ನು 20 ಕಿಲೋಮೀಟರ್ ಚೀಟಿಯಿಂದಲೇ ಪಾಲಿಸಿ ನೋಡಿ. ಕಾರ್ಯಕ್ರಮ ಬೆಳಿಗ್ಗೆ 6ಕ್ಕೆ ಶುರುವಾಗುವುದಿದ್ದರೆ ಉದ್ದ ನಡಿಗೆಗಳೂ 6ಕ್ಕೇ ಶುರುವಾಗಲಿ. ಮಾತ್ರೆ ತೆಗೆದುಕೊಂಡ ಎಷ್ಟನೆಯ ಗಂಟೆಗೆ ನಿಮ್ಮ ಮನಸ್ಸು ಚದುರುತ್ತದೆ, ಎಷ್ಟನೆಯ ಕಿಲೋಮೀಟರ್‌ಗೆ ಸಿಡುಕು ಬರುತ್ತದೆ ಎಂಬುದನ್ನು ಮೂರು ಉದ್ದ ನಡಿಗೆಗಳಲ್ಲಿ ಬರೆದಿಟ್ಟರೆ, ನಾಲ್ಕನೆಯದರಲ್ಲಿ ಅದು ನಿಮ್ಮನ್ನು ಬೆಚ್ಚಿಬೀಳಿಸುವುದಿಲ್ಲ. ನನಗೆ 31ನೆಯ ಕಿಲೋಮೀಟರ್ ಆಸುಪಾಸಿನಲ್ಲಿ 'ಇದೆಲ್ಲ ಏಕೆ ಬೇಕಿತ್ತು' ಎನಿಸುತ್ತದೆ. ಅದು ಮಾತ್ರೆಯ ಪರಿಣಾಮ ಇಳಿಯುವ ಹೊತ್ತೆಂದು ತಿಳಿದ ಮೇಲೆ ಆ ಭಾವನೆಯೊಂದಿಗೆ ವಾದಕ್ಕೆ ನಿಲ್ಲುವುದನ್ನು ಬಿಟ್ಟು, ಏನಾದರೂ ತಿಂದು ಮುಂದುವರಿಯುತ್ತೇನೆ.

ತಿನ್ನುವುದಕ್ಕೆ ಹಸಿವನ್ನು ಕಾಯಬೇಡಿ. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂದು, ನಂತರ ಪ್ರತಿ 45 ನಿಮಿಷಕ್ಕೊಮ್ಮೆ ಫೋನ್ ಕಂಪಿಸುವಂತೆ ಇಟ್ಟುಕೊಳ್ಳಿ. ಕಂಪಿಸಿದೊಡನೆ ಎರಡು ತುತ್ತು, ಕೆಲವು ಗುಟುಕು ನೀರು. ನೀರಿನ ವಿಷಯದಲ್ಲಿ ಎರಡು ಕಡೆಯೂ ಅಪಾಯವಿದೆ. ಬಾಯಾರಿಕೆ ತಿಳಿಯದವರು ಕುಡಿಯದೆ ಬಳಲುತ್ತಾರೆ, ಭಯದಿಂದ ಅಲಾರಂ ಇಟ್ಟುಕೊಂಡವರು ಅತಿಯಾಗಿ ಕುಡಿದು ರಕ್ತದಲ್ಲಿ ಸೋಡಿಯಂ ಇಳಿಸಿಕೊಳ್ಳುತ್ತಾರೆ. ನಿಧಾನವಾಗಿ ಬಹಳ ಹೊತ್ತು ನಡೆಯುವವರಿಗೆ ಎರಡನೆಯ ಅಪಾಯ ಸಣ್ಣದೇನಲ್ಲ. ಉದ್ದ ನಡಿಗೆಯ ಮೊದಲೂ ನಂತರವೂ ತೂಕ ನೋಡಿ: ಹಿಂದಿರುಗಿದಾಗ ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತೆಂದೇ ಅರ್ಥ. ಉಪ್ಪಿನಂಶವಿರುವ ತಿನಿಸೂ ಚೀಲದಲ್ಲಿರಲಿ.

ಬಿಸಿಲಿನ ದಿನ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಉತ್ತೇಜಕ ಔಷಧಿಗಳು ದಣಿವಿನ ಅರಿವನ್ನು ಮಸುಕಾಗಿಸಿ, ದೇಹ ಬಿಸಿಯೇರಿದ್ದು ತಡವಾಗಿ ತಿಳಿಯುವಂತೆ ಮಾಡಬಲ್ಲವು. ಮಾತ್ರೆಯ ಮೇಲೆ ಕಾಫಿಯನ್ನೂ ಹೆಚ್ಚಾಗಿ ಕುಡಿದರೆ ಎದೆ ಬಡಿತ ಇನ್ನೂ ಏರುತ್ತದೆ.

ಜೊತೆನಡಿಗೆ

ನನ್ನ ಹೆಂಡತಿಗೆ ಎಡಿಎಚ್‌ಡಿ ಇದೆ, ನನಗಿಲ್ಲ. ಅವಳ ಜೊತೆ ಎರಡು ನಗರ ನಡಿಗೆಗಳಲ್ಲಿ ನಡೆದವನಾಗಿ ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ರಸ್ತೆ ದಾಟುವಾಗಿನ ಗಮನವನ್ನು ಮನಸ್ಸಿಗೆ ಬಿಡದೆ ದೇಹಕ್ಕೆ ಒಪ್ಪಿಸಿ. ನಾವು ಮಾಡಿಕೊಂಡ ಕ್ರಮವೆಂದರೆ, ಪಾದಚಾರಿ ಮಾರ್ಗದ ಅಂಚು ಸಿಕ್ಕೊಡನೆ ಎರಡೂ ಪಾದಗಳನ್ನು ಜೋಡಿಸಿ ಪೂರ್ತಿ ನಿಲ್ಲುವುದು, ಚೀಲದ ಪಟ್ಟಿಯನ್ನು ಕೈಯಲ್ಲಿ ಹಿಡಿಯುವುದು, ಎರಡೂ ಕಡೆ ತಿರುಗಿ ನೋಡುವುದು. ಸಿಗ್ನಲ್ ಹಸಿರಾಗಿದ್ದರೂ ಸರಿ, ಮುಂದಿನ ಗುಂಪು ದಾಟುತ್ತಿದ್ದರೂ ಸರಿ, ಈ ಮೂರೂ ಆಗಲೇಬೇಕು. ಮೊದಲ 2 ತಿಂಗಳು ಪ್ರತಿ ನಡಿಗೆಯಲ್ಲೂ ಹೀಗೆ ಮಾಡಿದ ಮೇಲೆ, 38ನೆಯ ಕಿಲೋಮೀಟರ್‌ನಲ್ಲಿ ಅವಳು ಮಾತಾಡುವುದನ್ನೂ ನಿಲ್ಲಿಸಿ ಸುಮ್ಮನೆ ನಡೆಯುತ್ತಿದ್ದಾಗಲೂ, ಅಂಚು ಕಂಡೊಡನೆ ಅವಳ ಕೈ ತಾನಾಗಿಯೇ ಪಟ್ಟಿಗೆ ಹೋದದ್ದನ್ನು ಪಕ್ಕದಲ್ಲಿದ್ದು ನೋಡಿದ್ದೇನೆ.

ಹಾಡು ಕೇಳದಿದ್ದರೆ ನಡೆಯಲಾಗದು ಎನ್ನುವವರೂ ಇದ್ದಾರೆ, ಬೇಸರ ಕಳೆಯಲು ಅದು ಒಳ್ಳೆಯದೆಂದೂ ಒಪ್ಪುತ್ತೇನೆ. ಆದರೆ ವಾಹನಗಳಿರುವ ದಾರಿಯಲ್ಲಿ ಎರಡೂ ಕಿವಿ ಮುಚ್ಚುವ ಇಯರ್‌ಫೋನ್ ಬೇಡವೇ ಬೇಡ. ಕಿವಿಯನ್ನು ತೆರೆದಿಡುವ ಬಗೆಯದ್ದನ್ನು ಬಳಸಿ, ಅದನ್ನೂ ಉದ್ಯಾನದೊಳಗೆ ಮಾತ್ರ. ಕೊನೆಯ 12 ಕಿಲೋಮೀಟರ್‌ಗೆ ಸ್ನೇಹಿತರೊಬ್ಬರು ಬಂದು ಸೇರಿಕೊಳ್ಳುವಂತೆ ಏರ್ಪಾಡು ಮಾಡಿಕೊಳ್ಳಲು ಸಾಧ್ಯವೇ ನೋಡಿ. ಪಕ್ಕದಲ್ಲೊಬ್ಬರಿದ್ದರೆ ದಾರಿ ತಪ್ಪುವುದೂ ಕಡಿಮೆ, ಬಿಟ್ಟುಬಿಡುವ ಯೋಚನೆಯೂ ಕಡಿಮೆ.

ಸಂಜೆನಡಿಗೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. 14 ಚೀಟಿಗಳನ್ನು ನಿನ್ನೆ ರಾತ್ರಿಯೇ ಬರೆದು ಬಾಗಿಲ ಪಕ್ಕ ತೂಗುಹಾಕಿದೆ. ಮುಂದಿನ ವಾರ ವೈದ್ಯರನ್ನು ಕಾಣುತ್ತೇನೆ. ಬೆಳಿಗ್ಗೆ 5ಕ್ಕೆ ತಿಂದು ಮಾತ್ರೆ ತೆಗೆದುಕೊಳ್ಳುವುದರ ಬಗ್ಗೆ ಕೇಳಬೇಕಿದೆ. ಕೊನೆಯ 12 ಕಿಲೋಮೀಟರ್‌ಗೆ ಜೊತೆಯಾಗಲು ನನ್ನ ತಂಗಿ ಒಪ್ಪಿದ್ದಾಳೆ. ಹಿಮ್ಮಡಿಯವರಲ್ಲಿ ಒಂದೇ ಸಂದೇಹ: ಜ್ವರವೋ ಮತ್ತೇನೋ ಬಂದು ಮೂರು ವಾರ ಸತತವಾಗಿ ತಪ್ಪಿದರೆ ಅದೇ ಚೀಟಿಯಿಂದ ಮುಂದುವರಿಯಬಹುದೇ?

ಹಿಮ್ಮಡಿ

ಒಂದು ವಾರ ತಪ್ಪಿದರೆ ಅದೇ ಚೀಟಿ. ಎರಡು ವಾರ ತಪ್ಪಿದರೆ ಕೊನೆಯದಾಗಿ ನಡೆದ ದೂರವನ್ನು ಮತ್ತೊಮ್ಮೆ ನಡೆದು ನಂತರ ಮುಂದಕ್ಕೆ ಹೋಗಿ. ಮೂರು ವಾರವಾದರೆ ಎರಡು ಚೀಟಿ ಹಿಂದಕ್ಕೆ ಬನ್ನಿ. ಜ್ವರವಿರುವಾಗ ನಡೆಯಲೇಬೇಡಿ. ಹೀಗೆ ಹಿಂದೆ ಬಂದದ್ದರಿಂದ ಕೊನೆಗೆ 32ರ ಚೀಟಿಗೆ ವಾರ ಉಳಿಯದಿದ್ದರೆ ಅದನ್ನು ಹಾಗೆಯೇ ಬಿಟ್ಟುಬಿಡಿ. 28 ಕಿಲೋಮೀಟರನ್ನು ನೋವಿಲ್ಲದೆ ಮುಗಿಸಿದವರು 42ಕ್ಕೆ ಹೊರಡಬಹುದು. ತೆಗೆದ ಚೀಟಿಗಳನ್ನು ಎಸೆಯದೆ ಒಂದು ಕಡೆ ಇಟ್ಟಿರಿ, ಹಿಂದಕ್ಕೆ ಬರಬೇಕಾದಾಗ ಮತ್ತೆ ಕ್ಲಿಪ್ಪಿಗೆ ಸೇರಿಸಲು ಬೇಕಾಗುತ್ತವೆ.